ಗೆಳೆಯನಿಗೊಂದು ಪತ್ರ: ಕರ್ವನ್‌ನಲ್ಲಿ ಮನೆ ಕೊಳ್ಳುವ ಮುಂಚೆ

ಪ್ರಿಯ ಗೆಳೆಯ,

ಆಸ್ಟ್ರೇಲಿಯಾದ ಟೌನ್ಸ್‌ವಿಲ್ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ, ಕರ್ವನ್‌ನಲ್ಲಿ ಮನೆ ತಗೊಳ್ಳಲಾ ಅಂತ ಕೇಳಿದ್ದೀಯ. ತಗೋ. ಆದರೆ ಅಡುಗೆಮನೆ ನೋಡಿ ಮರುಳಾಗಬೇಡ, ಮೊದಲು ಗ್ಯಾರೇಜ್ ಬಾಗಿಲು ನೋಡು.

ಕರ್ವನ್ ಅಂದರೆ 20 ಸಾವಿರಕ್ಕೂ ಹೆಚ್ಚು ಜನರಿರೋ ಬಡಾವಣೆ, ಟೌನ್ಸ್‌ವಿಲ್‌ನಲ್ಲೇ ದೊಡ್ಡದು. 2008ರವರೆಗೆ ತುರಿಂಗೋವಾ ಅನ್ನೋ ಬೇರೆ ನಗರಕ್ಕೆ ಸೇರಿತ್ತು. ಹಾಗಾಗಿ ಶಾಪಿಂಗ್ ಮಾಲ್, ಗ್ರಂಥಾಲಯ, ಈಜೋ ಕೊಳ ಎಲ್ಲ ಪಕ್ಕದ ತುರಿಂಗೋವಾ ಸೆಂಟ್ರಲ್‌ನಲ್ಲೇ ಸಿಗುತ್ತೆ. ಆಸ್ಪತ್ರೆ ಮಾತ್ರ ರಾಸ್ ನದಿಯ ಆಚೆ ಡಗ್ಲಸ್‌ನಲ್ಲಿದೆ. ರಾತ್ರಿ ಪಾಳಿ ಅಂದಮೇಲೆ ಕಾರು ಬೇಕೇ ಬೇಕು.

ಇನ್ನು ಮನೆ. 1971ರ ಡಿಸೆಂಬರ್ 24ರಂದು ಆಲ್ತಿಯಾ ಚಂಡಮಾರುತ ಈ ಊರಿನ ಛಾವಣಿಗಳನ್ನು ಕಿತ್ತೊಗೆಯಿತು. ಬಿಗಿ ಕಟ್ಟಡ ನಿಯಮ ಜಾರಿಗೆ ಬಂದದ್ದು 1980ರ ದಶಕದ ಶುರುವಿನಲ್ಲಿ, ಅದಕ್ಕೇ ಕಟ್ಟಿದ ವರ್ಷ ಕೇಳು. ಇಲ್ಲಿ ಹೆಚ್ಚಿನವು ಕಾಂಕ್ರೀಟ್ ಬ್ಲಾಕ್ ಗೋಡೆಯ ಒಂದೇ ಅಂತಸ್ತಿನ ಮನೆಗಳು, ಮೇಲೆ ತಗಡು. ತಗಡು ಅಂತ ಮೂಗು ಮುರೀಬೇಡ. ತಗಡಿನಿಂದ ಅಡ್ಡಪಟ್ಟಿಗೆ, ಅಲ್ಲಿಂದ ಛಾವಣಿಯ ಮರದ ಚೌಕಟ್ಟಿಗೆ, ಚೌಕಟ್ಟಿನಿಂದ ಗೋಡೆಯೊಳಗಿನ ಸರಳಿಗೆ, ಸರಳಿನಿಂದ ಅಡಿಪಾಯಕ್ಕೆ ಬಿಗಿದಿರುತ್ತಾರೆ. ಇದರಲ್ಲಿ ಎಲ್ಲೇ ತುಕ್ಕು ಹಿಡಿದರೂ, ಗೆದ್ದಲು ತಿಂದರೂ ಬಿಗಿ ಅಲ್ಲೇ ಸಡಿಲ. ತಪಾಸಣೆಗೆ ಬರುವವನು ಅಟ್ಟ ಹತ್ತಿ ನೋಡಲೇಬೇಕು.

ಗ್ಯಾರೇಜ್ ಬಾಗಿಲು ಯಾಕೆ ಅಂದರೆ, ಮನೆಗೆಲ್ಲ ಅಗಲವಾದ ಬಾಯಿ ಅದೇ. ಬಿರುಗಾಳಿಗೆ ಬಾಗಿಲು ಬಾಗಿ ಹಳಿಯಿಂದ ಕಳಚಿದರೆ ಗಾಳಿ ಒಳಗೆ ನುಗ್ಗಿ ಛಾವಣಿಯನ್ನು ತಳ್ಳುತ್ತೆ, ಹೊರಗಿನ ಗಾಳಿ ಮೇಲಿಂದ ಎಳೆಯುತ್ತೆ. ತಳ್ಳೋದು ಎಳೆಯೋದು ಎರಡೂ ಕೂಡಿದರೆ ಹೋಯಿತು. 2011ರ ಯಾಸಿ ಚಂಡಮಾರುತದಲ್ಲಿ ಕರಾವಳಿಯ ಹೊಸ ಮನೆಗಳಲ್ಲೂ ಸೋತದ್ದು ಈ ಬಾಗಿಲುಗಳೇ. ಒಳಬದಿಯಲ್ಲಿ ಗಾಳಿ ತಡೆಯುವ ಸಾಮರ್ಥ್ಯದ ಚೀಟಿ ಇದೆಯಾ ನೋಡು. ಇಲ್ಲದಿದ್ದರೆ ಬಾಗಿಲು ಬದಲಿಸೋ ಖರ್ಚನ್ನು ಬೆಲೆಯಲ್ಲಿ ಮುರಿಸಿಕೋ.

ನೀರಿನ ಲೆಕ್ಕ ಬೇರೆ. 2019ರ ಫೆಬ್ರವರಿ 3ರ ರಾತ್ರಿ ರಾಸ್ ನದಿ ಅಣೆಕಟ್ಟಿನ ಗೇಟುಗಳನ್ನು ಪೂರ್ತಿ ತೆರೆದಾಗ ಕೆಳಗಿನ ಇಡೇಲಿಯಾ, ರಾಸ್ಲೀ, ಹರ್ಮಿಟ್ ಪಾರ್ಕ್ ಕಡೆ ಮನೆಗಳು ಮುಳುಗಿದವು. ಕರ್ವನ್ ಎತ್ತರದಲ್ಲಿದೆ ಅಂತ ಏಜೆಂಟ್ ಹೇಳಿದರೆ ತಲೆಯಾಡಿಸು, ಆಮೇಲೆ ನಗರಸಭೆಯ ಪ್ರವಾಹ ನಕ್ಷೆಯಲ್ಲಿ ಆ ವಿಳಾಸವನ್ನೇ ಹುಡುಕು.

ವಿಮೆಯನ್ನು ಮಾತ್ರ ಮುಂದೂಡಬೇಡ. ಕ್ವೀನ್ಸ್‌ಲ್ಯಾಂಡಿನಲ್ಲಿ ಎಲ್ಲರೂ ಬಳಸೋ ಕರಾರಿನ ಪ್ರಕಾರ, ಕರಾರಾದ ಮಾರನೆಯ ಕೆಲಸದ ದಿನ ಸಂಜೆ 5ಕ್ಕೇ ಮನೆಗೆ ಹಾನಿಯಾದರೆ ಅದರ ಹೊಣೆ ಕೊಳ್ಳುವವನ ತಲೆಗೆ ಬರುತ್ತೆ. ಬೀಗದ ಕೈ ಸಿಗೋದು ವಾರಗಳ ನಂತರ. ಹೊಸ ಪಾಲಿಸಿಯಲ್ಲಿ ಮೊದಲ 72 ಗಂಟೆ ಚಂಡಮಾರುತ, ಪ್ರವಾಹಕ್ಕೆ ಪರಿಹಾರ ಇಲ್ಲ ಅನ್ನೋ ಷರತ್ತು ಸಾಮಾನ್ಯ. ಮನೆ ಕೊಳ್ಳುವವರಿಗೆ ಕೆಲವು ಕಂಪನಿಗಳು ಇದನ್ನು ಸಡಿಲಿಸುತ್ತವೆ, ಕೇಳಿ ಬರೆಸಿಕೋ. ಸಮುದ್ರದಲ್ಲಿ ಚಂಡಮಾರುತ ಎದ್ದಮೇಲೆ ಪಾಲಿಸಿ ಕೊಡೋದನ್ನೇ ಎಷ್ಟೋ ಕಂಪನಿಗಳು ನಿಲ್ಲಿಸುತ್ತವೆ. ಇಲ್ಲಿ ಚಂಡಮಾರುತದ ಕಾಲ ನವೆಂಬರಿನಿಂದ ಏಪ್ರಿಲ್, ನಮ್ಮೂರಿನ ಜೂನ್ ಲೆಕ್ಕ ಹಾಕ್ಕೊಂಡು ಕೂರಬೇಡ.

ಕರಾರು ಕೈಗೆ ಬಂದರೆ ಸಹಿಗೆ ಮುಂಚೆ ಒಂದು ಪ್ರತಿ ಕಳಿಸು.

ನಿನ್ನ ಗೆಳೆಯ