ಜಾಥಾ ಮುಗಿಯಿತು, ನಮ್ಮ ತಪಾಸಣೆ ಮುಗಿದಿಲ್ಲ

ಸಂಪಾದಕರಿಗೆ ನಮಸ್ಕಾರ.

ಮೊನ್ನೆ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಸ್ತನ ಕ್ಯಾನ್ಸರ್ ಜಾಗೃತಿ ಜಾಥಾದ ಫೋಟೊ ನೋಡಿದೆ. ಗುಲಾಬಿ ಟೋಪಿ, ಬ್ಯಾನರು, ಕಾಲೇಜು ಹುಡುಗಿಯರು. ಚೆನ್ನಾಗಿತ್ತು. ಬೇಗ ಪತ್ತೆ ಮಾಡಿಸಿಕೊಳ್ಳಿ ಅಂತ ಬರೆದಿದ್ದರು, ಅದೂ ಸರಿ. ಆದರೆ ಪತ್ತೆಯಾಗಿ, ಆಪರೇಷನ್ ಆಗಿ, ಕಿಮೋ ಆಗಿ, ಕರೆಂಟ್ ಇಡಿಸಿಕೊಂಡು (ರೇಡಿಯೇಷನ್‌ಗೆ ನಮ್ಮ ಕಡೆ ಹಾಗೇ ಅನ್ನೋದು) ಮನೆಗೆ ಬಂದು ಕೂತ ನಮ್ಮಂಥ ಮುದುಕಿಯರ ಗತಿ ಏನು ಅಂತ ಯಾರೂ ಕೇಳಲ್ಲ. ಅದನ್ನು ಹೇಳೋಕೆ ಈ ಪತ್ರ. ಸ್ವಲ್ಪ ಉದ್ದ ಆಗುತ್ತೆ. ಮೂವತ್ತನಾಲ್ಕು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿದವಳು ನಾನು, ಚಿಕ್ಕದಾಗಿ ಹೇಳಿ ಅಭ್ಯಾಸ ಇಲ್ಲ.

ನನಗೀಗ 67. ಎಡಗಡೆ ಎದೆ ತೆಗೆದು ನಾಲ್ಕು ವರ್ಷ ಆಯ್ತು. ಮನೆ ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದಲ್ಲಿ. ನಮ್ಮೂರಲ್ಲಿ ಮಗ್ಗದ ಸದ್ದು ಇನ್ನೂ ಇದೆ, ಅದರ ಜೊತೆಗೆ ಕೂದಲಿನ ಕೆಲಸ. ಎಲ್ಲೆಲ್ಲಿಂದಲೋ ಬಂದ ಕೂದಲಿನ ಉಂಡೆ ತಂದು, ಸಿಕ್ಕು ಬಿಡಿಸಿ, ಬಾಚಿ, ಉದ್ದ ನೋಡಿ ಬೇರೆ ಮಾಡಿ ಕಟ್ಟು ಕಟ್ಟುತ್ತಾರೆ. ವಿಗ್ ಆಗೋಕೆ ಅದು ಚೀನಾದವರೆಗೂ ಹೋಗುತ್ತೆ. ಸಿಕ್ಕು ಬಿಡಿಸೋರು ಹೆಚ್ಚಾಗಿ ಹೆಂಗಸರೇ, ಮನೆ ಕಟ್ಟೆ ಮೇಲೆ ಕೂತು. ನಮ್ಮ ಓಣಿಯ ದೊಡ್ಡವ್ವ ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದವಳು. ಆಕೆಗೂ ನನಗೂ ಆರು ತಿಂಗಳ ಅಂತರದಲ್ಲಿ ಅದೇ ರೋಗ ಬಂತು. ನನ್ನ ತಲೆ ಬೋಳಾಗಿ ನಾನು ಬಾಗಿಲು ಹಾಕಿಕೊಂಡು ಕೂತಿದ್ದಾಗ ಆಕೆ ಸೆರಗು ಸರಿಸಿ ತನ್ನ ತಲೆ ತೋರಿಸಿದಳು. "ಊರ ಮಂದಿ ಕೂದ್ಲ ಬಿಡಿಸಿ ಬಿಡಿಸಿ ಬೆರಳ ಸವದಾವು, ನನ್ನ ತಲಿಯಾಗ ಒಂದ ಎಳಿ ಇಲ್ಲ ನೋಡ್ರಿ ಟೀಚರಮ್ಮ" ಅಂದು ನಕ್ಕಳು. ರೋಗ ಬಂದ ಮೇಲೆ ನಾನು ನಕ್ಕಿದ್ದು ಅವತ್ತೇ ಮೊದಲು.

ಅಲ್ಲಿಂದ ಶುರು. ಆಸ್ಪತ್ರೆ ಬೆಂಚಿನ ಮೇಲೆ ಕಿನ್ನಾಳದ ಅಕ್ಕ ಸಿಕ್ಕರು, ಅವರದು ಗರ್ಭಕೋಶದ ಬಾಯಿಯ ಕ್ಯಾನ್ಸರ್. ಬಸ್ಸಿನಲ್ಲಿ ಖಾಲಾ ಸಿಕ್ಕರು. ಯಲಬುರ್ಗಾ ಕಡೆಯ ಇಬ್ಬರು, ಕುಷ್ಟಗಿಯ ಒಬ್ಬರು ಸೇರಿ ಏಳು ಜನ ಆದೆವು. ಎಲ್ಲರೂ ಅರವತ್ತು ದಾಟಿದವರು. ಇದು ಸಂಘ ಅಲ್ಲ. ಹೆಸರಿಲ್ಲ, ಪಾಸ್‌ಬುಕ್ ಇಲ್ಲ, ಸಾಲ ಇಲ್ಲ, ಅಧ್ಯಕ್ಷೆ ಯಾರು ಅನ್ನೋ ಜಗಳವೂ ಇಲ್ಲ. ಪ್ರತಿ ಅಮಾವಾಸ್ಯೆಗೆ ಕೊಪ್ಪಳದ ಗವಿಮಠದಲ್ಲಿ ಸೇರುತ್ತೇವೆ ಅಷ್ಟೆ. ಅಮಾವಾಸ್ಯೆಗೆ ಅಲ್ಲಿಗೆ ಹೇಗೂ ಜನ ಹೋಗ್ತಾರೆ, ಮಠಕ್ಕೆ ಹೋಗಿ ಬರ್ತೀನಿ ಅಂದರೆ ಯಾವ ಮನೆಯಲ್ಲೂ ಯಾಕೆ ಅಂತ ಕೇಳಲ್ಲ. "ಕ್ಯಾನ್ಸರ್ ಬಂದವರೆಲ್ಲ ಸೇರ್ತೀವಿ" ಅಂದಿದ್ದರೆ ಅರ್ಧ ಜನಕ್ಕೆ ಹೊಸಿಲು ದಾಟೋಕೆ ಬಿಡ್ತಿರಲಿಲ್ಲ. ಮೊಣಕಾಲು ನೆಟ್ಟಗಿರೋರು ಮೇಲೆ ಹತ್ತಿ ದರ್ಶನ ಮಾಡಿ ಬರ್ತಾರೆ, ನಮ್ಮಂಥವರು ಕೆಳಗೇ ಕೈ ಮುಗಿದು ಕೂರ್ತೀವಿ.

ಅಲ್ಲಿಗೆ ಬರುವಾಗ ಒಂದೇ ನಿಯಮ. ಮೂರು ಖಾಲಿ ಸ್ಟ್ರಿಪ್ ತರಬೇಕು. ನಮ್ಮಲ್ಲಿ ಐದು ಜನಕ್ಕೆ ದಿನಕ್ಕೊಂದು ಹಾರ್ಮೋನ್ ಮಾತ್ರೆ ಇದೆ, ಲೆಟ್ರೊಜೋಲ್ ಅಂತ ಹೆಸರು, ಐದು ವರ್ಷ ಬಿಡದೆ ನುಂಗಬೇಕು. ಮುಟ್ಟು ನಿಂತ ಮೇಲೂ ಮೈಯಲ್ಲಿ ಒಂದಿಷ್ಟು ಈಸ್ಟ್ರೋಜನ್ ತಯಾರಾಗ್ತಾ ಇರುತ್ತಂತೆ, ಕೆಲವು ಥರದ ಗಡ್ಡೆಗೆ ಅದೇ ಗೊಬ್ಬರ, ಈ ಮಾತ್ರೆ ಆ ಗೊಬ್ಬರ ಸಿಗದ ಹಾಗೆ ಮಾಡುತ್ತೆ. ಹತ್ತರ ಸ್ಟ್ರಿಪ್ಪು, ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಮೂರು. ಕ್ಯಾಲೆಂಡರ್ ಓದೋಕೆ ಬರದ ದೊಡ್ಡವ್ವನಿಗೂ ಲೆಕ್ಕ ತಪ್ಪಲ್ಲ.

ಹೋದ ವರ್ಷ ಯಲಬುರ್ಗಾ ಕಡೆಯ ತಂಗಿ ಖಾಲಿ ಸ್ಟ್ರಿಪ್ ಬದಲು ತುಂಬಿದ ಸ್ಟ್ರಿಪ್ಪೇ ತಂದು ಮಡಿಲಿಗೆ ಹಾಕಿದರು. ಎರಡು ತಿಂಗಳಿಂದ ಬಿಟ್ಟಿದ್ದರಂತೆ. ಯಾಕೆ? ಬೆಳಿಗ್ಗೆ ಎದ್ದರೆ ಬೆರಳು ಮಡಚೋಕೆ ಬರಲ್ಲ, ರೊಟ್ಟಿ ಬಡಿಯೋಕೆ ಆಗಲ್ಲ, ಸೊಸೆ ಮುಖ ಸಿಂಡರಿಸುತ್ತಾಳೆ. ಡಾಕ್ಟರಿಗೆ ಹೇಳಿದ್ರಾ ಅಂದರೆ "ವಯಸ್ಸಾತು, ಮಂಡಿ ನೋವು ಎಲ್ಲಾರಿಗೂ ಇರತೈತಿ, ಅದನ್ನೇನ್ ಹೇಳೂದು" ಅಂತ. ಕೀಲು ನೋವು, ಮೂಳೆ ಸವೆಯೋದು ಈ ಮಾತ್ರೆಯ ಜೊತೆಗೇ ಬರುವ ತೊಂದರೆ ಅಂತ ಆಕೆಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಮರುವಾರವೇ ಇಬ್ಬರು ಆಕೆಯ ಜೊತೆ ಹೋದೆವು. ಡಾಕ್ಟರು ಬೈಯಲಿಲ್ಲ. ಅದೇ ಜಾತಿಯ ಬೇರೆ ಮಾತ್ರೆ ಬರೆದರು, ಕ್ಯಾಲ್ಸಿಯಂ, ವಿಟಮಿನ್ ಡಿ ಕೊಟ್ಟರು, ಮೂಳೆಯ ಸ್ಕ್ಯಾನ್ ಮಾಡಿಸಿದರು. ಬೆರಳು ಪೂರ್ತಿ ಸರಿಯಾಗಿಲ್ಲ, ಆದರೂ ಈಗ ಎಂಟು ರೊಟ್ಟಿ ಬಡೀತಾರೆ, ಎಣಿಸಿ ಹೇಳ್ತಾರೆ.

ಕೈ ಬಾವಿನದು ಇನ್ನೊಂದು ಕಥೆ. ಎದೆಯ ಜೊತೆಗೆ ಕಂಕುಳಿನ ಗಂಟು (ದುಗ್ಧಗ್ರಂಥಿ ಅಂತಾರೆ) ತೆಗೆದ ಮೇಲೆ ಆ ಕೈಯಲ್ಲಿ ನೀರು ತುಂಬಿಕೊಳ್ಳಬಹುದು, ಆಪರೇಷನ್ ಆಗಿ ಎಷ್ಟೋ ವರ್ಷದ ಮೇಲೂ ಬರಬಹುದು. ಟೇಪು ಹಿಡಿದು ಅಳತೆ ಮಾಡಿಕೊಳ್ಳಿ ಅಂತ ಆಸ್ಪತ್ರೆಯಲ್ಲಿ ಹೇಳಿದ್ದರು. ಯಾರ ಮನೆಯಲ್ಲಿ ಟೇಪಿದೆ? ಎರಡೂ ಕೈಗೆ ಒಂದೇ ಅಳತೆಯ ಬಳೆ ಹಾಕಿಕೊಳ್ಳಿ, ಅದು ಬಿಗಿಯಾಯಿತು ಅಂದರೆ ತೆಗೆದು ಹೇಳಿ ಅಂತ ಕಿನ್ನಾಳದ ಅಕ್ಕ ಉಪಾಯ ಕೊಟ್ಟರು. ಗಂಡ ತೀರಿದವರು ಬಳೆ ಹಾಕೋದಾ ಅಂತ ಕುಷ್ಟಗಿಯವರು ಹಿಂದೆ ಮುಂದೆ ನೋಡಿದರು, "ಇದು ಮುತ್ತೈದೆತನದ ಬಳಿ ಅಲ್ಲ, ಆಸ್ಪತ್ರಿ ಬಳಿ" ಅಂತ ದೊಡ್ಡವ್ವ ತಾನೇ ತೊಡಿಸಿದಳು. ಆ ಕೈಗೆ ಬಿಪಿ ಪಟ್ಟಿ, ಸೂಜಿ ಬೇಡ ಅಂತ ನಮಗೆಲ್ಲ ಹೇಳಿ ಕಳಿಸಿದ್ದಾರೆ, ಆದರೆ ಗಡಿಬಿಡಿಯಲ್ಲಿ ನರ್ಸಮ್ಮಗಳು ಅದೇ ಕೈ ಹಿಡೀತಾರೆ. ಅದಕ್ಕೆ ಆ ಕಡೆಯ ಜಂಪರ್ ತೋಳಿನ ಮೇಲೆ ಕೆಂಪು ಗುಂಡಿ ಹೊಲಿದುಕೊಂಡಿದ್ದೇವೆ. ಗುಂಡಿ ಯಾಕೆ ಅಂತ ಕೇಳ್ತಾರೆ, ಆಗ ಹೇಳ್ತೀವಿ. ಆ ಕೈ ಕೆಂಪಾಗಿ, ಬಿಸಿಯಾಗಿ, ಜ್ವರ ಬಂತೋ, ಅರಿಶಿನ ಹಚ್ಚಿಕೊಂಡು ಕೂರಬಾರದು, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಓದುವವರು ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಇನ್ನೊಂದು ಮಾತು, ಪೇಪರಿನಲ್ಲಿ ಹಾಕ್ತೀರೋ ಇಲ್ಲವೋ. ಒಂದು ಕಡೆ ಎದೆ ಇಲ್ಲದಿದ್ದರೆ ಭಾರ ಒಂದೇ ಕಡೆ ಬಿದ್ದು ಹೆಗಲು ವಾಲುತ್ತೆ, ಸೆರಗು ನಿಲ್ಲಲ್ಲ. ಒಳಗೆ ಇಟ್ಟುಕೊಳ್ಳೋಕೆ ಅಂಗಡಿಯಲ್ಲಿ ಸಿಗುವ ಸಿಲಿಕೋನ್ ಎದೆ ಒಳ್ಳೆಯದೇ, ದುಡ್ಡು ಬೇಕು. ದೊಡ್ಡವ್ವ ಹಳೇ ಧೋತರದ ಬಟ್ಟೆಯಲ್ಲಿ ಚೀಲ ಹೊಲಿದು ಜೋಳ ತುಂಬಿದಳು. ಮಳೆಗಾಲದಲ್ಲಿ ಹುಳ ಬಿತ್ತು! ಈಗ ಸಾಸಿವೆ ತುಂಬ್ತೀವಿ, ಸುತ್ತ ಹತ್ತಿ. ನಮ್ಮ ಬಿಸಿಲಿಗೆ ವಾರಕ್ಕೊಮ್ಮೆ ಬಿಚ್ಚಿ ಒಣಗಿಸಬೇಕು, ಅಷ್ಟೆ.

ಈಗ ನನ್ನ ಮುಖ್ಯ ದೂರು. ಆರು ತಿಂಗಳಿಗೊಮ್ಮೆ ಬನ್ನಿ ಅಂತಾರೆ, ಮೊದಲ ಎರಡು ಮೂರು ವರ್ಷ ಮೂರು ನಾಲ್ಕು ತಿಂಗಳಿಗೇ. ಎಲ್ಲಿಗೆ? ಹುಬ್ಬಳ್ಳಿಗೆ ನೂರು ಕಿಲೋಮೀಟರಿಗೂ ಹೆಚ್ಚು, ಬೆಂಗಳೂರು ಒಂದು ರಾತ್ರಿಯ ಹಾದಿ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂತು, ಆಧಾರ್ ತೋರಿಸಿ ಶೂನ್ಯ ಟಿಕೆಟ್‌ನಲ್ಲಿ ಹೋಗ್ತೀವಿ, ಅದನ್ನು ಮರೆಯೋಕಾಗಲ್ಲ. ಟೀವಿಯಲ್ಲಿ ಕೂತು ಅದನ್ನು ಆಡಿಕೊಳ್ಳೋರು ನಮ್ಮ ಜೊತೆ ಒಂದು ಸಲ ಬರಲಿ. ಆದರೆ ಟಿಕೆಟ್ ಪುಕ್ಕಟೆ ಆದರೆ ಸಾಕಾ? ಕಿನ್ನಾಳದ ಅಕ್ಕನಿಗೆ ಕರೆಂಟ್ ಇಟ್ಟ ಮೇಲೆ ಮೂತ್ರ ತಡೆಯೋಕೆ ಆಗಲ್ಲ. ಬಸ್ಸು ನಿಲ್ಲಿಸಿ ಅಂತ ಅರವತ್ತೈದರ ಹೆಂಗಸು ಡ್ರೈವರಿಗೆ ಎಷ್ಟು ಸಲ ಹೇಳಬೇಕು? ಆಕೆ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯೋದು ಬಿಡ್ತಾರೆ. ಏಪ್ರಿಲ್ ಬಿಸಿಲಲ್ಲಿ! ಅದಕ್ಕೇ ಬೆಂಗಳೂರಿಗಾದರೆ ನಾವು ಹಂಪಿ ಎಕ್ಸ್‌ಪ್ರೆಸ್ ಹಿಡೀತೀವಿ, ರೈಲಿನಲ್ಲಿ ಶೌಚಾಲಯ ಇರುತ್ತಲ್ಲ. ಎಷ್ಟೋ ಜನಕ್ಕೆ ಗೊತ್ತಿಲ್ಲ, ಚಿಕಿತ್ಸೆಗೆ ಅಥವಾ ತಪಾಸಣೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್‌ನಲ್ಲಿ ಪೂರ್ತಿ ರಿಯಾಯಿತಿ ಇದೆ, ಜೊತೆಗೆ ಹೋಗುವ ಒಬ್ಬರಿಗೆ ಶೇ 75. ಆಸ್ಪತ್ರೆಯಲ್ಲಿ ಫಾರಂಗೆ ಸಹಿ, ಸೀಲು ಹಾಕಿಸಿಕೊಂಡು ಸ್ಟೇಷನ್ ಕೌಂಟರಿಗೆ ಹೋಗಬೇಕು. 2020ರ ಮಾರ್ಚ್‌ನಲ್ಲಿ ನಿಂತದ್ದು ಹಿರಿಯ ನಾಗರಿಕರ ರಿಯಾಯಿತಿ, ಇದು ನಿಂತಿಲ್ಲ. ಆ "ಜೊತೆಗೆ ಹೋಗುವ ಒಬ್ಬರು" ಮಗನೇ ಆಗಬೇಕು ಅಂತ ಎಲ್ಲೂ ಬರೆದಿಲ್ಲ. ನಮ್ಮಲ್ಲಿ ಸರದಿ ಇದೆ. ಒಬ್ಬಳ ತಾರೀಖಿಗೆ ಇನ್ನೊಬ್ಬಳು ಜೊತೆ.

ಆದರೆ ಆಸ್ಪತ್ರೆಗಳಿಗೆ ಇದು ಅರ್ಥ ಆಗಲ್ಲ. ಒಂದು ದೊಡ್ಡ ಆಸ್ಪತ್ರೆ, ಹೆಸರು ಬೇಡ. ಬೆಳಿಗ್ಗೆ ಆರಕ್ಕೆ ಟೋಕನ್‌ಗೆ ನಿಂತು ಮಧ್ಯಾಹ್ನ ಒಂದಕ್ಕೆ ಒಳಗೆ ಹೋದೆವು. ಕುರ್ಚಿಯ ಮೇಲಿದ್ದ ಹುಡುಗ ಡಾಕ್ಟರು ತಲೆ ಎತ್ತದೆ, "ಗಂಡಸರು ಯಾರೂ ಬಂದಿಲ್ವಾ? ಯಾರಿಗೆ ಹೇಳ್ಲಿ?" ಅಂದರು. ದೊಡ್ಡವ್ವ ಎದ್ದು ನಿಂತಳು. "ಎದಿ ನಂದು ಹೋಗಿದ್ದು. ನನಗ ಹೇಳ್ರಿ." ಆ ಮೇಲೆ ನಾನು ನೋಟ್‌ಬುಕ್ ತೆಗೆದೆ. ನಮ್ಮ ಏಳೂ ಜನರದು ಒಂದೊಂದು ಇನ್ನೂರು ಪುಟದ ನೋಟ್‌ಬುಕ್ ಇದೆ, ಆಪರೇಷನ್ ತಾರೀಖು, ಕಿಮೋ ಎಷ್ಟು, ಕರೆಂಟ್ ಎಷ್ಟು ದಿನ, ಮಾತ್ರೆ ಯಾವಾಗಿಂದ, ಕೊನೆಯ ಮ್ಯಾಮೊಗ್ರಫಿ ಯಾವತ್ತು, ಎಲ್ಲ ನಾನೇ ಬರೆದಿದ್ದೇನೆ. ಯಾಕಂದರೆ ಹಿಂದೊಮ್ಮೆ ಒಂದು ಕಡೆ ನನ್ನ ಫೈಲನ್ನೇ ಕಳೆದು, ಮತ್ತೆ ಎಲ್ಲ ಟೆಸ್ಟ್ ಮಾಡಿಸಿ ಅಂದಿದ್ದರು. ಆ ಹುಡುಗ ಡಾಕ್ಟರು ನೋಟ್‌ಬುಕ್ ತಿರುವಿ ನೋಡಿ, ಆಮೇಲೆ ಕಾಲು ಗಂಟೆ ಮಾತಾಡಿದರು. ಒಳ್ಳೆಯ ಹುಡುಗನೇ, ಪಾಪ, ಹೊರಗೆ ಇನ್ನೂ ನೂರು ಜನ ಇದ್ದರು.

ಖಾಲಾ ಈಗ ಇಲ್ಲ. ಏಳು ಅಂತ ಬಾಯಿಗೆ ಬರುತ್ತೆ, ನಾವೀಗ ಆರು ಜನ. ಮಠದ ದಾಸೋಹದ ಸಾರು ಅಂದರೆ ಅವರಿಗೆ ಪ್ರಾಣ, ಊಟ ಮುಗಿಸದೆ ಮಾತಿಗೆ ಕೂರ್ತಿರಲಿಲ್ಲ. ಮಗ ದುಡಿಯೋಕೆ ಗೋವಾಕ್ಕೆ ಹೋದ, ಇವರು ಮೊಮ್ಮಕ್ಕಳನ್ನು ಬಿಟ್ಟು ಬರೋಕಾಗದೆ ಎರಡು ತಪಾಸಣೆ ತಪ್ಪಿಸಿದರು, ಮೂರು ಅಮಾವಾಸ್ಯೆಗೂ ಬರಲಿಲ್ಲ. ಬೆನ್ನು ನೋವಿತ್ತಂತೆ, ನೀರಿನ ಕೊಡ ಎತ್ತಿ ಉಳುಕಿದೆ ಅಂತ ಎಣ್ಣೆ ತಿಕ್ಕಿಸಿಕೊಂಡರಂತೆ. ನಾವು ಮನೆಗೆ ಹೋಗಿ ಕರೆದುಕೊಂಡು ಹೋಗುವ ಹೊತ್ತಿಗೆ ಬೆನ್ನುಮೂಳೆಗೆ ಹರಡಿತ್ತು. ಬೇಗ ಹೋಗಿದ್ದರೆ ಉಳೀತಿದ್ದರು ಅಂತ ನಾನು ಹೇಳಲ್ಲ, ಅದು ಡಾಕ್ಟರ್ ಹೇಳುವ ಮಾತು. ಆದರೆ ಆ ನೋವಿಗೆ ಔಷಧ ಎರಡು ತಿಂಗಳು ಮೊದಲೇ ಸಿಗ್ತಿತ್ತು. ಈ ರೋಗ ಬಂದು ಹೋದವರಿಗೆ ವಾರಗಟ್ಟಲೆ ಬಿಡದ ಬೆನ್ನು ನೋವು, ಕೆಮ್ಮು, ಉಸಿರು ಕಟ್ಟೋದು, ಮುಟ್ಟು ನಿಂತ ಮೇಲೆ ರಕ್ತ ಕಾಣಿಸೋದು, ಯಾವುದನ್ನೂ ವಯಸ್ಸಿನ ಲೆಕ್ಕಕ್ಕೆ ಹಾಕಬಾರದು. ಖಾಲಾನ ನೋಟ್‌ಬುಕ್ ನನ್ನ ಕಪಾಟಿನಲ್ಲೇ ಇದೆ.

ಇಷ್ಟು ಹೇಳಿದ ಮೇಲೆ ಕೇಳೋದನ್ನು ಕೇಳಿಬಿಡ್ತೀನಿ. ಕೆಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಹಗಲಲ್ಲೇ ಕಿಮೋ ಕೊಟ್ಟು ಕಳಿಸುವ ಕೇಂದ್ರಗಳನ್ನು ಸರ್ಕಾರ 2025ರಲ್ಲಿ ಶುರು ಮಾಡಿತು. ಕಿಮೋನೇ ಕೊಡಬಹುದು ಅಂದ ಮೇಲೆ ತಪಾಸಣೆ ಯಾಕಾಗಲ್ಲ? ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡೆ ಮೆಡಿಕಲ್ ಕಾಲೇಜಿದೆ. ತಿಂಗಳಿಗೆ ಒಂದೇ ಒಂದು ದಿನ, ಗೊತ್ತಾದ ವಾರ, ಒಬ್ಬ ಕ್ಯಾನ್ಸರ್ ಡಾಕ್ಟರು ಬಂದು ಹಳೇ ರೋಗಿಗಳನ್ನು ನೋಡಲಿ. ಕೈಯಲ್ಲಿ ಮುಟ್ಟಿ ನೋಡೋಕೆ, ಮಾತ್ರೆ ಬರೆಯೋಕೆ, ನೋವು ಕೇಳೋಕೆ ದೊಡ್ಡ ಮಷಿನ್ ಬೇಡ. ಸ್ಕ್ಯಾನ್ ಬೇಕಾದವರನ್ನು ಮಾತ್ರ ದೊಡ್ಡ ಊರಿಗೆ ಕಳಿಸಲಿ. ಹಾರ್ಮೋನ್ ಮಾತ್ರೆ ಆ ಜಿಲ್ಲಾ ಆಸ್ಪತ್ರೆಯ ಕಿಟಕಿಯಲ್ಲೇ ಮೂರು ತಿಂಗಳಿಗಾಗುವಷ್ಟು ಸಿಗಲಿ. ಮತ್ತೆ ಆ ಕಿಟಕಿಯ ಮುಂದೆ ನಾಲ್ಕು ಕುರ್ಚಿ, ಹತ್ತಿರದಲ್ಲೇ ನೀರು ಬರುವ ಒಂದು ಶೌಚಾಲಯ. ಮುಂದಿನ ಜಾಥಾಕ್ಕೆ ನಮ್ಮನ್ನೂ ಕರೆಯಲಿ, ನಡೆಯೋಕಾಗಲ್ಲ, ಆಟೋದಲ್ಲಿ ಕೂತು ಬರ್ತೀವಿ.

ಒಬ್ಬರೇ ಮನೆಯಲ್ಲಿ ಕೂತು, ತಾರೀಖು ಹತ್ತಿರ ಬಂತು ಅಂತ ನಿದ್ದೆಗೆಟ್ಟವರು ಇದನ್ನು ಓದ್ತಿದ್ದರೆ, ಅಥವಾ ಮೊಮ್ಮಗಳು ಓದಿ ಹೇಳ್ತಿದ್ದರೆ, ಅಮಾವಾಸ್ಯೆ ದಿನ ಗವಿಮಠಕ್ಕೆ ಬನ್ನಿ. ಹತ್ತು ಗಂಟೆಯ ಹೊತ್ತಿಗೆ, ಕೆರೆ ಕಡೆ, ನೆರಳಲ್ಲಿ. ತೋಳಿನ ಮೇಲೆ ಕೆಂಪು ಗುಂಡಿ ಇರೋ ಮುದುಕಿಯರು ಕಂಡರೆ ಅದು ನಾವೇ. ಮಾತ್ರೆಯ ಸ್ಟ್ರಿಪ್ ತನ್ನಿ, ಖಾಲಿಯಾದರೂ ಸರಿ, ತುಂಬಿದ್ದರೂ ಸರಿ. ಮಂಡಕ್ಕಿ ಒಗ್ಗರಣಿ, ಮಿರ್ಚಿ ನಾವು ತಂದಿರ್ತೀವಿ.

— ನಿವೃತ್ತ ಶಿಕ್ಷಕಿ, ಭಾಗ್ಯನಗರ, ಕೊಪ್ಪಳ