ರಿಪೇರಿ ಆದ ಸ್ಪೀಕರ್ ಮತ್ತು ಅರ್ಧಂಬರ್ಧ ತಪಾಸಣೆ ಬಗ್ಗೆ ದೂರು

ಗೆ,
ಮ್ಯಾನೇಜರ್,
ಆಡಿಯೋ ಸರ್ವಿಸ್ ಸೆಂಟರ್, ಮಂಗಳೂರು

ವಿಷಯ: ವೂಫರ್ (ಸ್ಪೀಕರಿನೊಳಗೆ ತಗ್ಗು ಸ್ವರ ನುಡಿಸುವ ಭಾಗ) ವೈರ್ ಉಲ್ಟಾ ಜೋಡಿಸಿರುವುದು

ಮಾನ್ಯರೇ,

ನನ್ನ ಬಲಗಡೆಯ ಸ್ಪೀಕರಿನಲ್ಲಿ ವೂಫರ್ ಅಂಚಿನ ಫೋಮ್ ಪುಡಿಯಾಗಿತ್ತು. ನಮ್ಮ ಕರಾವಳಿಯ ತೇವಕ್ಕೆ ಇದು ಮಾಮೂಲು. ಕಳೆದ ತಿಂಗಳು ನಿಮ್ಮಲ್ಲಿ ಬದಲಿಸಿಕೊಂಡೆ. ಅಂಟಿಸಿದ ಕೆಲಸ ನೀಟಾಗಿದೆ. ಆದರೆ ಉಡುಪಿಗೆ ತಂದು ತಾಳಮದ್ದಳೆ ಹಾಕಿದರೆ ಮದ್ದಳೆಯಲ್ಲಿ ತೂಕವೇ ಇಲ್ಲ. ಅದು ಹಳೆಯ ಮೋನೋ ಧ್ವನಿಮುದ್ರಣ, ಅಂದರೆ ಎರಡೂ ಸ್ಪೀಕರಿಗೆ ಒಂದೇ ಸದ್ದು. ಭಾಗವತರ ಸ್ವರ ಎರಡೂ ಸ್ಪೀಕರಿನ ನಟ್ಟನಡುವಿನಿಂದ ಬರಬೇಕು. ಈಗ ಎಲ್ಲಿಂದ ಬರುತ್ತಿದೆ ಅಂತಲೇ ಗೊತ್ತಾಗುವುದಿಲ್ಲ.

ಜೋಡಿಯನ್ನು ವಾಪಸ್ ತಂದಾಗ ನಿಮ್ಮ ಟೆಕ್ನೀಷಿಯನ್ ಒಂದೊಂದೇ ಸ್ಪೀಕರ್ ಹಾಕಿ ಮೊಬೈಲ್ ಆ್ಯಪಿನಲ್ಲಿ ಡೆಸಿಬಲ್ ನೋಡಿದರು. ಎರಡರದ್ದೂ ಒಂದೇ ರೀಡಿಂಗ್. "ಮೀಟರ್ ಸುಳ್ಳು ಹೇಳಲ್ಲ ಸರ್, ನಿಮಗೆ ಸುಮ್ನೆ ಹಾಗೆ ಅನ್ನಿಸ್ತಿದೆ" ಎಂದು ಕಳಿಸಿಬಿಟ್ಟರು.

ಅಳತೆ ಬೇಡ ಅಂತ ನಾನು ಹೇಳುತ್ತಿಲ್ಲ. ಕಿವಿಯೂ ಮೋಸ ಹೋಗುತ್ತದೆ; ಸ್ವಲ್ಪ ಜೋರಾಗಿ ಕೇಳಿದ್ದೇ ಚೆನ್ನಾಗಿದೆ ಅನ್ನಿಸುತ್ತದೆ. ಆದರೆ ಅವರು ಅಳೆದದ್ದು ಏನನ್ನು? ವೈರ್ ಉಲ್ಟಾ ಆದ ವೂಫರ್ ಒಂಟಿಯಾಗಿ ಅಷ್ಟೇ ಜೋರಾಗಿ ನುಡಿಯುತ್ತದೆ. ಎರಡನ್ನೂ ಒಟ್ಟಿಗೆ ಹಾಕಿದಾಗಲೇ ತೊಂದರೆ. ಒಂದು ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. 100 ಹರ್ಟ್ಸ್ ಸದ್ದಿನ ಅಲೆ ಸುಮಾರು 3.4 ಮೀಟರ್ ಉದ್ದ, ಕೂತ ಜಾಗ ತುಸು ಅತ್ತಿತ್ತ ಆದರೂ ಎರಡು ಅಲೆ ಎದುರುಬದುರಾಗಿಯೇ ಇರುತ್ತವೆ. ಹಾಗಾಗಿ ನಡುವೆ ಕೂತವನಿಗೆ ಬೇಸ್ (ತಗ್ಗು ಸ್ವರ) ಬಹುಪಾಲು ಅಳಿಸಿಹೋಗುತ್ತದೆ. ಎರಡನ್ನೂ ಸೇರಿಸಿ ಅಳೆದಿದ್ದರೆ ಅದೇ ಮೀಟರಿನಲ್ಲಿ ಇದು ಕಾಣುತ್ತಿತ್ತು.

ಮನೆಯಲ್ಲಿ 1.5 ವೋಲ್ಟಿನ ಸೆಲ್ಲಿನ ಪ್ಲಸ್ ಕೆಂಪು ಟರ್ಮಿನಲ್ಲಿಗೆ, ಮೈನಸ್ ಕಪ್ಪಿಗೆ ಒಂದು ಕ್ಷಣ ಮುಟ್ಟಿಸಿ ನೋಡಿದೆ. ಎಡಗಡೆಯ ವೂಫರಿನ ಕೋನ್ (ಅಲುಗಾಡುವ ಶಂಕು) ಹೊರಗೆ ಬಂತು. ನೀವು ರಿಪೇರಿ ಮಾಡಿದ್ದು ಒಳಗೆ ಹೋಯಿತು. ವಿಡಿಯೋ ಕಳಿಸಿದ್ದೇನೆ.

ಫೋನ್ ಮಾಡಿದರೆ ನಿಮ್ಮವರು "ಸ್ಪೀಕರ್ ಹಿಂಭಾಗದ ವೈರ್ ತಿರುಗಿಸಿ ಹಾಕ್ಕೊಳ್ಳಿ" ಅಂದರು. ಹಾಗೆ ಮಾಡಿದರೆ ವೂಫರ್ ಸರಿಯಾಗುತ್ತದೆ, ಸರಿ ಇದ್ದ ಟ್ವೀಟರ್ (ಎತ್ತರದ ಸ್ವರ ನುಡಿಸುವ ಭಾಗ) ಉಲ್ಟಾ ಆಗುತ್ತದೆ. ಇದು ರಿಪೇರಿ ಅಲ್ಲ ಅಲ್ವಾ?

ದಯವಿಟ್ಟು ಬಿಚ್ಚಿ ಒಳಗಿನ ಜೋಡಣೆಯನ್ನೇ ಖರ್ಚಿಲ್ಲದೆ ಸರಿಮಾಡಿ. ಒಯ್ಯುವ, ತರುವ ವ್ಯವಸ್ಥೆ ನಿಮ್ಮದೇ ಇರಲಿ. ಎರಡೂ ಸ್ಪೀಕರ್ ಒಟ್ಟಿಗೆ ಅಳೆದ ರಿಪೋರ್ಟ್ ಕೊಡಿ, ನನ್ನೆದುರೇ ಹಾಕಿ ಕೇಳಿಸಿ. ಗಿರಾಕಿ ಏನೋ ಸರಿಯಿಲ್ಲ ಅಂದಾಗ ಮೊದಲು ಪಕ್ಕದಲ್ಲಿ ಕೂತು ಕೇಳುವಂತೆ ನಿಮ್ಮವರಿಗೆ ಹೇಳಿ. ಏನನ್ನು ಅಳೆಯಬೇಕು ಅನ್ನುವುದು ಆಗಲೇ ಗೊತ್ತಾಗುವುದು.

15 ದಿನದೊಳಗೆ ಆಗದಿದ್ದರೆ ಉಡುಪಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು.

ಇಂತಿ,
ನಿಮ್ಮ ಗ್ರಾಹಕ, ಉಡುಪಿ