ದೋಷ ಫೈಬರಿನದೋ ವೈ-ಫೈನದೋ, ಬರೆದುಕೊಡಲಿ

ಮಾನ್ಯರೇ,

ಮೈಸೂರಿನ ಬಡಾವಣೆಗಳಲ್ಲಿ ಫೈಬರ್ ಇಂಟರ್‌ನೆಟ್ ಮನೆಮನೆಗೂ ತಲುಪುತ್ತಿರುವುದು ಸಂತೋಷದ ಸಂಗತಿಯೇ. ಆದರೆ ‘ನೆಟ್ ನಿಧಾನ’ ಎಂದು ದೂರು ಕೊಟ್ಟವರಿಗೆ ಸಹಾಯವಾಣಿಯಿಂದ ಸಿಗುವ ಉತ್ತರ ಸಾಮಾನ್ಯವಾಗಿ ಎರಡೇ: ರೌಟರ್ ಆಫ್ ಮಾಡಿ ಆನ್ ಮಾಡಿ, ಇಲ್ಲವೇ ಇನ್ನೂ ದೊಡ್ಡ ಪ್ಲಾನ್ ಹಾಕಿಸಿಕೊಳ್ಳಿ. ದೋಷವು ಹೊರಗಿನಿಂದ ಬರುವ ಫೈಬರಿನದೋ ಮನೆಯೊಳಗಿನ ವೈ-ಫೈನದೋ ಎಂದು ಪರೀಕ್ಷಿಸದೆ ಹಾಕಿಸಿಕೊಂಡ ದೊಡ್ಡ ಪ್ಲಾನಿನಿಂದ ಬಿಲ್ಲು ಮಾತ್ರ ದೊಡ್ಡದಾಗುತ್ತದೆ.

ಈ ಪರೀಕ್ಷೆ ಕಷ್ಟದ್ದೇನಲ್ಲ. ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲಿನ ಮೂಲಕ ನೇರವಾಗಿ ರೌಟರಿಗೆ ಜೋಡಿಸಿ ಅಳೆದಾಗ ಪೂರ್ತಿ ವೇಗ ಬಂದು, ಕೋಣೆಯಲ್ಲಿ ಮೊಬೈಲಿಗೆ ಮಾತ್ರ ಬಾರದಿದ್ದರೆ ತೊಂದರೆ ವೈ-ಫೈನಲ್ಲಿದೆ. ಕೇಬಲಿನಲ್ಲೂ ಬಾರದಿದ್ದರೆ ಕಂಪನಿಯವರನ್ನು ಕರೆಸಬೇಕು. ಕೇಬಲ್ ಮಾತ್ರ ಚೆನ್ನಾಗಿರಬೇಕು, ಏಕೆಂದರೆ ಅದರ ಎಂಟು ಎಳೆಗಳಲ್ಲಿ ಒಂದು ಕಡಿದಿದ್ದರೂ ವೇಗ 100 ಎಂಬಿಪಿಎಸ್ ದಾಟುವುದಿಲ್ಲ. ರೌಟರಿನ ಮೇಲೆ ಎಲ್‌ಒಎಸ್ ಎಂಬ ಕೆಂಪು ದೀಪ ಉರಿಯುತ್ತಿದ್ದರಂತೂ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲವೆಂದು ಅರ್ಥ. ಆಗ ರೌಟರನ್ನು ಎಷ್ಟು ಸಲ ಆಫ್ ಮಾಡಿದರೂ ಪ್ರಯೋಜನವಿಲ್ಲ.

ವೈ-ಫೈ ತೊಂದರೆಗಳಲ್ಲಿ ಹೆಚ್ಚಿನವು ಸಂಪರ್ಕ ಕೊಡುವ ದಿನವೇ ಹುಟ್ಟುತ್ತವೆ ಎಂಬುದು ನನ್ನ ಅನಿಸಿಕೆ. ತಂತಿ ಉಳಿಯಲೆಂದು ರೌಟರನ್ನು ಮುಂಬಾಗಿಲ ಪಕ್ಕದಲ್ಲೋ ಟಿವಿಯ ಹಿಂದೆಯೋ ಮೊಳೆ ಹೊಡೆದು ಕೂರಿಸಿ ಹೋಗುತ್ತಾರೆ, ಮಕ್ಕಳು ಓದುವ ಕೋಣೆಯೋ ಹಿತ್ತಲ ಕಡೆಗಿರುತ್ತದೆ. ವೈ-ಫೈಗೆ ಸಾಮಾನ್ಯವಾಗಿ ಬಳಕೆಯಾಗುವ ಎರಡು ತರಂಗಗಳಲ್ಲಿ 5 ಗಿಗಾಹರ್ಟ್ಸಿನದು ಹೆಚ್ಚು ವೇಗ ಕೊಟ್ಟರೂ ಅಗ್ರಹಾರದ ಹಳೆಯ ಮನೆಗಳ ದಪ್ಪ ಗೋಡೆಯನ್ನಾಗಲಿ, ಅಡ್ಡ ನಿಂತ ಉಕ್ಕಿನ ಬೀರುವನ್ನಾಗಲಿ ದಾಟುವಷ್ಟರಲ್ಲಿ ಸೊರಗಿಹೋಗುತ್ತದೆ. 2.4 ಗಿಗಾಹರ್ಟ್ಸ್ ಹೆಚ್ಚು ದೂರ ಹೋಗುತ್ತದೆ, ಆದರೆ ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು, ಅಂದರೆ ರೌಟರುಗಳು ಬಳಸುವ ದಾರಿಗಳು, 1, 6 ಮತ್ತು 11 ಎಂಬ ಮೂರೇ ಆದ್ದರಿಂದ, ಗೋಡೆಗೆ ಗೋಡೆ ತಾಗಿದ ಮನೆಗಳಿರುವ ಬೀದಿಯಲ್ಲಿ ಅಕ್ಕಪಕ್ಕದವರ ರೌಟರುಗಳೆಲ್ಲ ಅಲ್ಲೇ ನೂಕಾಡುತ್ತಿರುತ್ತವೆ. ಮೈಕ್ರೋವೇವ್ ಓವನ್ ಕೆಲಸ ಮಾಡುವುದೂ ಇದೇ ತರಂಗದ ಆಸುಪಾಸಿನಲ್ಲಿ. ರೌಟರನ್ನು ನಡುಮನೆಯಲ್ಲಿ ಎತ್ತರಕ್ಕೆ ಇಡುವುದು, ಚಾನೆಲ್ ಬದಲಿಸುವುದು, ದೂರದ ಕೋಣೆಗೆ ಕೇಬಲ್ ಎಳೆದು ಇನ್ನೊಂದು ವೈ-ಫೈ ಪೆಟ್ಟಿಗೆ ಇಡುವುದು ಇದಕ್ಕೆ ಪರಿಹಾರ. ವೈ-ಫೈಯನ್ನು ಹಿಡಿದು ಮುಂದಕ್ಕೆ ದಾಟಿಸಲೆಂದು ಅಂಗಡಿಯವರು ಮುಂದೆ ಮಾಡುವ ಅಗ್ಗದ ಎಕ್ಸ್‌ಟೆಂಡರುಗಳಲ್ಲಿ ಹಲವು ಒಂದೇ ರೇಡಿಯೊದಲ್ಲಿ ಪಡೆಯುವ ಮತ್ತು ಕೊಡುವ ಎರಡೂ ಕೆಲಸ ಮಾಡುವುದರಿಂದ ವೇಗವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತವೆ.

ಹೊರಗಿನ ದೋಷ ಪತ್ತೆಹಚ್ಚುವುದು ಗ್ರಾಹಕರ ಕೈಲಾಗದ ಕೆಲಸ. ಮರದಿಂದ ಮರಕ್ಕೆ, ಕಂಬದಿಂದ ಕಂಬಕ್ಕೆ ಜೋತಾಡುವ ಫೈಬರ್ ಕಿಟಕಿಯ ಸರಳಿಗೆ ಬಿಗಿಯಾಗಿ ಸುತ್ತಿಕೊಂಡು ಮಡಿಚಿದರೂ ಬೆಳಕು ಸೋರಿಹೋಗುತ್ತದೆ. ಇದನ್ನು ಅಳೆಯುವ ಪವರ್ ಮೀಟರ್ ದುರಸ್ತಿಗೆ ಬರುವವರ ಚೀಲದಲ್ಲಿ ಇರುತ್ತದೆ. ಅಳತೆಯನ್ನು ಮಾತ್ರ ನಮಗೆ ಹೇಳುವುದಿಲ್ಲ.

ಆದ್ದರಿಂದ ಸೇವಾ ಕಂಪನಿಗಳು ದೂರು ಮುಕ್ತಾಯಗೊಳಿಸುವ ಮೊದಲು ಫೈಬರಿನ ಬೆಳಕಿನ ಅಳತೆ ಮತ್ತು ಲ್ಯಾನ್ ಕೇಬಲಿನಲ್ಲಿ ಬಂದ ವೇಗ, ಇವೆರಡನ್ನೂ ಗ್ರಾಹಕರಿಗೆ ಬರೆದುಕೊಡುವುದನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಕಡ್ಡಾಯಗೊಳಿಸಬೇಕು. ಪ್ರಾಧಿಕಾರದ 2012ರ ನಿಯಮಗಳಂತೆ ಪ್ರತಿ ದೂರಿಗೂ ಡಾಕೆಟ್ ಸಂಖ್ಯೆ, ಅಂದರೆ ದೂರಿನ ನೋಂದಣಿ ಸಂಖ್ಯೆ, ಕೊಡಬೇಕು, ಪರಿಹಾರ ತೃಪ್ತಿಕರವಾಗದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲು ಅವಕಾಶವೂ ಇದೆ. ಆದರೆ ಕೈಯಲ್ಲಿ ಅಳತೆಯ ಚೀಟಿಯೇ ಇಲ್ಲದ ಗ್ರಾಹಕರು ಮೇಲ್ಮನವಿಯಲ್ಲಿ ಏನೆಂದು ಬರೆಯಬೇಕು?

— ಓದುಗ, ಸರಸ್ವತಿಪುರಂ, ಮೈಸೂರು